ಹಸಿದ ಡಿಸ್ಕು

ಹಸಿವಿಗೂ ಕಾಯಿಲೆಗೂ ಇರುವ ಭೇದ ವೈದ್ಯನಿಗೆ ತಿಳಿಯದಿದ್ದರೆ ರೋಗಿಯ ಗತಿಯೇನು? ಮನುಷ್ಯನಾದರೆ ಬಾಯಿಬಿಟ್ಟು ಅನ್ನ ಕೇಳಿಯಾನು. ಅಂಗೈಯಗಲದ ಹಾರ್ಡ್ ಡಿಸ್ಕು ಪಾಪ, ಟಿಕ್ ಟಿಕ್ ಎಂದು ನಾಲ್ಕು ಬಾರಿ ನರಳಿ ಸುಮ್ಮನಾಗುತ್ತದೆ.

ಡೊಂಬಿವಲಿಯ ನಮ್ಮ ಮನೆಯ ಡಿಸ್ಕು ಕಳೆದ ಶ್ರಾವಣದಲ್ಲಿ ಹೀಗೆ ನರಳತೊಡಗಿತು. ಅದರೊಳಗೆ ಇದ್ದುದು ನಮ್ಮ ಅವ್ವನ ದನಿ. ಧಾರವಾಡದ ಕಡೆಯ ಬೀಸುವ ಹಾಡು, ಸೋಬಾನೆ, ಜೋಗುಳ. ಎಂಬತ್ತು ದಾಟಿದ ಮೇಲೆ ಅವಳು ನೆನೆನೆನೆದು ಹಾಡಿದ್ದನ್ನು ಮೊಮ್ಮಕ್ಕಳು ಮುದ್ರಿಸಿಕೊಂಡಿದ್ದರು. ಅವ್ವ ಈಗಿಲ್ಲ. ಹಾಡುಗಳಿಗೆ ಬೇರೆ ಪ್ರತಿಯೂ ಇರಲಿಲ್ಲ.

ಠಾಣೆಯ ಅಂಗಡಿಯೊಂದರಲ್ಲಿ ತೋರಿಸಿದೆವು. ಅಂಗಡಿಯವನು ತನ್ನ ಕಂಪ್ಯೂಟರಿನ ಮುಂಬದಿಗೆ ಗಜವುದ್ದದ ತೆಳ್ಳನೆಯ ಕೇಬಲ್ಲಿನಿಂದ ಅದನ್ನು ಸಿಕ್ಕಿಸಿ, ಕಿವಿಗೊಟ್ಟು ಆಲಿಸಿ, "ಖತಮ್" ಎಂದ. ಒಳಗಿನದನ್ನು ಹೊರತೆಗೆಯಲು ಅವನು ಹೇಳಿದ ಮೊತ್ತದಲ್ಲಿ ಸಂಸಾರಸಮೇತ ನಾಲ್ಕು ಸಲ ಊರಿಗೆ ಹೋಗಿಬರಬಹುದಿತ್ತು.

ವಾಶಿಯಿಂದ ಬಂದ ನನ್ನ ಸೋದರಳಿಯ ಮಾತ್ರ ಈ ತೀರ್ಪನ್ನು ಒಪ್ಪಲಿಲ್ಲ. "ಮಾಮಾ, ಇದಕ್ಕ ಜಡ್ಡೋ ಹಸಿವೋ ಮೊದಲು ನೋಡೋಣ ತಡೀರಿ" ಎಂದ.

ಸಂಗತಿ ಇಷ್ಟೆ. ಮೇಜಿನ ಮೇಲಿಡುವ ದೊಡ್ಡ ಡಿಸ್ಕಿಗೆ ಗೋಡೆಯಿಂದ ಬೇರೆ ಅಡಾಪ್ಟರ್ ಉಂಟು. ಈ ಪುಟ್ಟದ್ದಕ್ಕೆ ಯುಎಸ್‌ಬಿ ಪೋರ್ಟಿನಿಂದ ಬರುವ 5 ವೋಲ್ಟೇ ಅನ್ನ. 2000ನೇ ಇಸವಿಯ ಯುಎಸ್‌ಬಿ 2.0 ನಿಯಮದಂತೆ ಒಂದು ಪೋರ್ಟು 500 ಮಿಲಿ ಆಂಪಿಯರ್ ಬಡಿಸಿದರೆ ಸಾಕು. 2008ರಲ್ಲಿ ಬಂದ 3.0 ಅದನ್ನು 900ಕ್ಕೆ ಏರಿಸಿತು. ಡಿಸ್ಕಿನೊಳಗಿನ ತಟ್ಟೆಯೋ, ನಿಂತಲ್ಲಿಂದ ನಿಮಿಷಕ್ಕೆ 5400 ಸುತ್ತಿನ ವೇಗಕ್ಕೆ ಏರುವ ಮೊದಲ ಕೆಲವು ಸೆಕೆಂಡು 1000 ಮಿಲಿ ಆಂಪಿಯರಿನಷ್ಟು ಬೇಡುವುದುಂಟು. ಕೆಸರಿನಲ್ಲಿ ನಿಂತ ಚಕ್ಕಡಿಯನ್ನು ಎಬ್ಬಿಸುವಾಗಲೇ ಅಲ್ಲವೆ ಎತ್ತಿಗೆ ಕಷ್ಟ? ಓಟ ಹತ್ತಿದ ಮೇಲೆ ಅದರರ್ಧದಲ್ಲಿಯೂ ನಡೆಯುತ್ತದೆ. ಅನೇಕ ಕಂಪ್ಯೂಟರುಗಳು ನಿಯಮಕ್ಕಿಂತ ಒಂದು ಹಿಡಿ ಹೆಚ್ಚೇ ಬಡಿಸುತ್ತವೆ. ಆದ್ದರಿಂದ ಒಂದು ಮನೆಯಲ್ಲಿ ಉಂಡ ಡಿಸ್ಕು ಇನ್ನೊಂದರಲ್ಲಿ ಉಪವಾಸ ಬೀಳುತ್ತದೆ.

ಉದ್ದನೆಯ ತೆಳು ಕೇಬಲ್ಲು ದಾರಿಯಲ್ಲೇ ವೋಲ್ಟೇಜನ್ನು ತಿನ್ನುತ್ತದೆ. ಕೆಳಮನೆಯವರು ನಲ್ಲಿ ಬಿಟ್ಟಾಗ ಮೂರನೆಯ ಮಹಡಿಯಲ್ಲಿ ಕೊಡ ಹಿಡಿದು ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ವಂತ ಅಡಾಪ್ಟರ್ ಇಲ್ಲದ ಹಬ್ಬಿನ ಕಥೆ ಇನ್ನೂ ದೊಡ್ಡದು: ಅದು ಲೋಕಲ್ ಗಾಡಿಯ ಮೂವರ ಸೀಟಿನಲ್ಲಿ ನಾಲ್ಕನೆಯವನು ಕುಳಿತಂತೆ. ಕಲ್ಯಾಣದಿಂದ ದಿನವೂ ಓಡಾಡುವವರಿಗೆ ಆ ಸುಖ ಗೊತ್ತು.

ಅಳಿಯ ಗಿಡ್ಡ ಕೇಬಲ್ ತಂದು ಹಿಂಬದಿಯ ಪೋರ್ಟಿಗೆ ಹಾಕಿದ. ಡಿಸ್ಕು ಮತ್ತೆ ಟಿಕ್ ಎಂದಿತು. ಆಗ ಚೀಲದಿಂದ ಎರಡು ತಲೆಯ ಕೇಬಲ್ ತೆಗೆದ. ಒಂದು ತಲೆ ಮಾಹಿತಿಗೂ ಅನ್ನಕ್ಕೂ, ಇನ್ನೊಂದು ಬರಿಯ ಅನ್ನಕ್ಕೆ. ಯುಎಸ್‌ಬಿಯ ಶಾಸ್ತ್ರಕಾರರು ಇಂಥ ಕೇಬಲ್ಲನ್ನು ಒಪ್ಪುವುದಿಲ್ಲವಂತೆ, ಸ್ವಂತ ಅಡಾಪ್ಟರಿನ ಹಬ್ಬೇ ಲೇಸಂತೆ. ಇರಲಿ, ಶಾಸ್ತ್ರಕ್ಕಿಂತ ಅವ್ವ ದೊಡ್ಡವಳು. ಎರಡೂ ತಲೆ ಸಿಕ್ಕಿಸಿದೊಡನೆ ಡಿಸ್ಕು ಸಣ್ಣಗೆ ಗುಂಯ್‌ಗುಟ್ಟಿತು.

ಹೊಟ್ಟೆ ತುಂಬಿದ ಮೇಲೂ ಟಿಕ್ ಟಿಕ್ ನಿಲ್ಲದಿದ್ದರೆ ಅದು ನಿಜವಾದ ಜಡ್ಡೇ. ಮತ್ತೆ ಮತ್ತೆ ಎಬ್ಬಿಸದೆ ತಿಳಿದವರ ಕೈಗೆ ಕೊಡಬೇಕೆಂದು ಅಳಿಯನ ಕಟ್ಟಪ್ಪಣೆ. ಅಂದೇ ಎರಡು ನಕಲು ಮಾಡಿ ಒಂದನ್ನು ವಾಶಿಗೆ ಒಯ್ದ. ನಕಲು ಮುಗಿಯುವ ತನಕ ಒಂದು ಹಾಡು ಹಾಕಿ ಕೇಳಿದೆವು. ನಡುವೆ ಅವ್ವ ತಡೆದು, "ಮುಂದಿಂದು ನೆನಪಾಗವಲ್ದು, ಒಂದೀಟು ನೀರು ಕೊಡ್ರಿ" ಎನ್ನುತ್ತಾಳೆ.