ಪಟ್ಟಿಯಲ್ಲಿ ಇಲ್ಲದವನು

ಒಡಂಬಡಿಕೆಗೆ ಸಹಿ ಬಿದ್ದ ದಿನ ಕಾಲೇಜಿನಲ್ಲಿ ಶಾಲು, ಹಾರ, ಗ್ರೂಪ್ ಫೋಟೊ ಎಲ್ಲ ಆಯಿತು. ಬೆಂಗಳೂರಿನ ಕಂಪನಿಯೊಂದು ತುಮಕೂರಿನ ನಮ್ಮ ಬಿ.ಕಾಂ. ಮಕ್ಕಳಿಗೆ ಆರು ಶನಿವಾರ ಹಣಕಾಸು ಅಪರಾಧ ತಡೆಯುವ ತರಬೇತಿ ಕೊಡುವುದು, ಚೆನ್ನಾಗಿ ಮಾಡಿದವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಎಂದು ಮಾತಾಗಿತ್ತು. ಇಪ್ಪತ್ತೈದು ಜನಕ್ಕೆ ಮಾತ್ರ ಜಾಗ. ಇಂಗ್ಲಿಷ್ ಚೆನ್ನಾಗಿ ಬರುವವರನ್ನು ಆರಿಸಿ ಎಂದರು. ಪಟ್ಟಿ ಬರೆದವನು ನಾನು.

ಬ್ಯಾಂಕಿಂಗ್ ಕಾನೂನು ನನ್ನ ಪಾಠ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ, ಚೆಕ್ಕಿನ ಮೂಲೆಯಲ್ಲಿ ಎಳೆಯುವ ಎರಡು ಗೆರೆ, ಇವನ್ನೆಲ್ಲ ಚೆಕ್ಕನ್ನೇ ಕೈಯಲ್ಲಿ ಹಿಡಿಯದ ಮಕ್ಕಳಿಗೆ ವರ್ಷಗಟ್ಟಲೆ ಹೇಳಿದ್ದೇನೆ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ 2002ರಲ್ಲಿ ಬಂತು, 2005ರಲ್ಲಿ ಜಾರಿಯಾಯಿತು. ನನ್ನ ನೋಟ್ಸಿನಲ್ಲಿ ಅದಕ್ಕೆ ಇನ್ನೂ ಅರ್ಧ ಪುಟವೇ. ಹಾಗಾಗಿ ಮೊದಲ ಶನಿವಾರ ಹಿಂದಿನ ಬೆಂಚಿನಲ್ಲಿ ನಾನೂ ಹೋಗಿ ಕೂತೆ.

ಬಂದವರು ಕೆಲಸ ಮಾಡಿ ಪಳಗಿದವರು. 10 ಲಕ್ಷ ರೂಪಾಯಿ ಮೀರಿದ ನಗದು ವ್ಯವಹಾರವನ್ನು ಬ್ಯಾಂಕು ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. 50,000 ಮೀರಿ ನಗದು ಕಟ್ಟಿದರೆ ಆಗ ಪ್ಯಾನ್ ಕೊಡಬೇಕಿತ್ತು. ಅದಕ್ಕೇ ಕಳ್ಳ ದಿನಾ 49,000 ಕಟ್ಟುತ್ತಾನೆ ಎಂದರು. ಮೊತ್ತಕ್ಕಿಂತ ನಡವಳಿಕೆ ನೋಡಿ ಅನ್ನುವುದು ಅವರ ಮಾತಿನ ತಿರುಳು. ತಿಂಗಳುಗಟ್ಟಲೆ ಸುಮ್ಮನಿದ್ದ ಖಾತೆಗೆ ಒಂದೇ ವಾರದಲ್ಲಿ ಲಕ್ಷಗಟ್ಟಲೆ ಬಿದ್ದರೆ ಅನುಮಾನಪಡಿ ಎಂದು ಪರದೆಯ ಮೇಲೆ ಕೆಂಪು ಬಾವುಟ ತೋರಿಸಿದರು.

ಗುಬ್ಬಿ ತಾಲ್ಲೂಕಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಹಂಗಾದ್ರೆ ನಮ್ಮಪ್ಪನ ಅಕೌಂಟೂ ಹಂಗೇ ಐತಲ್ಲ ಸಾರ್?"

ಎಲ್ಲರೂ ನಕ್ಕರು. ಅವಳ ಮನೆಯದು ಅಡಿಕೆ ತೋಟ. ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದ ಮೇಲೆ ವರ್ಷದ ದುಡ್ಡು ಒಟ್ಟಿಗೆ ಬರುತ್ತದೆ. ಉಳಿದ ತಿಂಗಳು ಖಾತೆ ಖಾಲಿ. ತರಬೇತಿ ಕೊಡಲು ಬಂದಿದ್ದವರು ನಗಲಿಲ್ಲ. ಆ ಪ್ರಶ್ನೆಯನ್ನೇ ಬೋರ್ಡಿನ ಮೇಲೆ ಬರೆದು, ಬಂದ ದುಡ್ಡು ಆಮೇಲೆ ಎಲ್ಲಿಗೆ ಹೋಗುತ್ತೆ ಹೇಳಮ್ಮ ಎಂದರು. ಗೊಬ್ಬರದಂಗಡಿ ಬಾಕಿ, ಸೊಸೈಟಿ ಸಾಲ, ಚೀಟಿ, ಅಕ್ಕನ ಮದುವೆಗೆ ಅಂತ ಒಂದಿಷ್ಟು ಡಿಪಾಜಿಟ್ಟು. ಕದ್ದ ದುಡ್ಡು ಹಾಗಲ್ಲ, ಬಂದ ಗಳಿಗೆಯಲ್ಲೇ ಚೂರುಚೂರಾಗಿ ಹತ್ತಾರು ಖಾತೆಗಳಿಗೆ ಹಾರಿಹೋಗುತ್ತದೆ. ಆವತ್ತಿನ ಉಳಿದ ಗಂಟೆಯೆಲ್ಲ ಇದರಲ್ಲೇ ಕಳೆಯಿತು. ಅವರಿಗೆ ಗೊತ್ತಿದ್ದ ಕೆಲಸ, ಇವಳಿಗೆ ಗೊತ್ತಿದ್ದ ತೋಟ. ಫೋಟೊ ತೆಗೆಸಿಕೊಂಡ ಒಡಂಬಡಿಕೆ ಅಲ್ಲಿಯವರೆಗೆ ನನಗೆ ಕಾಗದ ಮಾತ್ರವಾಗಿತ್ತು. ಹುಡುಗಿ ಈಗ ಬೆಂಗಳೂರಿನಲ್ಲಿ, ಬ್ಯಾಂಕೊಂದರ ಅನುಮಾನಾಸ್ಪದ ವ್ಯವಹಾರಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದಾಳೆ.

ಅದೇ ತರಗತಿಯ ಇನ್ನೊಬ್ಬ, ಕುಣಿಗಲ್ ಕಡೆಯವನು, ಹೋದ ತಿಂಗಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. ಅವನ ಖಾತೆಯನ್ನು ತಡೆಹಿಡಿದಿದ್ದಾರೆ. ಸ್ಕಾಲರ್‌ಶಿಪ್ ದುಡ್ಡೂ ಅದರಲ್ಲೇ ಇದೆ. ಬೇರೆ ರಾಜ್ಯದ ಪೊಲೀಸರಿಂದ ನೋಟಿಸು ಬಂದಿದೆ.

"ನಾನೇನೂ ಮಾಡಿಲ್ಲ ಸಾರ್. ಅಕೌಂಟ್ ಬಾಡಿಗೆಗೆ ಕೊಟ್ಟಿದ್ದೆ, ಅಷ್ಟೆ."

ಐದು ಸಾವಿರಕ್ಕೆ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಮೂರನ್ನೂ ಗೆಳೆಯನ ಗೆಳೆಯನಿಗೆ ಕೊಟ್ಟಿದ್ದ. ಇಂಥದ್ದಕ್ಕೆ ಬ್ಯಾಂಕಿನವರು ಮ್ಯೂಲ್ ಅಕೌಂಟ್ ಎನ್ನುತ್ತಾರೆ. ಮ್ಯೂಲ್ ಎಂದರೆ ಹೇಸರಗತ್ತೆ. ಬೆನ್ನ ಮೇಲಿನ ಮೂಟೆಯಲ್ಲಿ ಏನಿದೆ ಎಂದು ಅದಕ್ಕೆ ತಿಳಿಯದು. ರೇಸಿನ ಕುದುರೆ ಸಾಕುವ ಊರಿನ ಹುಡುಗನಿಗೆ ಸಿಕ್ಕಿದ್ದು ಈ ಹೆಸರು.

ನಾಲ್ಕನೇ ಶನಿವಾರದ ಪಾಠ ಪೂರ್ತಿ ಇದೇ ಆಗಿತ್ತು. ಇವನು ಕನ್ನಡ ಮಾಧ್ಯಮದವನು, ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದ; ಹೆಸರು ಬರೆದಿರಲಿಲ್ಲ. ಸೋಮವಾರದ ತರಗತಿಯಲ್ಲಿ ಹತ್ತು ನಿಮಿಷ ಕನ್ನಡದಲ್ಲಿ ನಾನೇ ಹೇಳಬಹುದಿತ್ತು. ಸಿಲಬಸ್ ಮುಗಿಸಬೇಕಿತ್ತು, ಹೇಳಲಿಲ್ಲ.

ಬೆಂಗಳೂರಿನ ಸಿಐಡಿ ಕಚೇರಿಯಲ್ಲಿ ಇನ್ಫೋಸಿಸ್ ಫೌಂಡೇಷನ್ ನೆರವಿನಿಂದ ಸೈಬರ್ ಅಪರಾಧ ತನಿಖೆಯ ತರಬೇತಿ ಕೇಂದ್ರವಿದೆ. ಪೊಲೀಸರು, ಪ್ರಾಸಿಕ್ಯೂಟರುಗಳು, ನ್ಯಾಯಾಧೀಶರು ಅಲ್ಲಿ ಕಲಿಯುತ್ತಾರೆ. ಇಂಥ ಖಾತೆಗಳನ್ನು ಹುಡುಕಲೆಂದೇ ರಿಸರ್ವ್ ಬ್ಯಾಂಕಿನ ಇನ್ನೋವೇಷನ್ ಹಬ್ ಮ್ಯೂಲ್‌ಹಂಟರ್ ಎಂಬ ತಂತ್ರಾಂಶ ಮಾಡಿದೆ. ಎರಡೂ ಬೇಕಾದವೇ. ಆದರೆ ಅಪರಾಧ ನಡೆದ ಮೇಲೆ ಹಿಡಿಯುವವರಿಗೆ ಕೊಟ್ಟಷ್ಟು ಪಾಠ, ಐದು ಸಾವಿರದ ಆಸೆಗೆ ಬೀಳುವ ವಯಸ್ಸಿನವರಿಗೆ ನಾವು ಕೊಟ್ಟಿಲ್ಲ. ಕಂಪನಿಗೆ ಬೇಕಾದದ್ದು ಇಪ್ಪತ್ತೈದು ನೌಕರರು. ತರಗತಿಯಲ್ಲಿದ್ದವರು ಅರವತ್ತು.

ರಾತ್ರಿ ಗುಬ್ಬಿಯ ಹುಡುಗಿಗೆ ಫೋನ್ ಮಾಡಿದೆ. ಬ್ಯಾಂಕಿನ ಹೆಸರು ಹೇಳಹೊರಟಿದ್ದೆ, ತಡೆದಳು. "ಅಕೌಂಟಿನ ವಿಷ್ಯ ನಂಗೇನೂ ಹೇಳ್ಬೇಡಿ ಸಾರ್, ನಾನು ಕೇಳ್ಬಾರ್ದು. ಅವನಿಗೆ ಇಷ್ಟು ಹೇಳಿ. ಅವರ ಜೊತೆ ಮಾತಾಡಿದ ಮೆಸೇಜು ಒಂದೂ ಅಳಿಸೋದು ಬೇಡ. ದುಡ್ಡು ಇಸ್ಕೊಂಡಿದ್ದನ್ನ ಮುಚ್ಚಿಡೋದೂ ಬೇಡ. ಮೊದ್ಲು ಒಬ್ರು ವಕೀಲರನ್ನ ನೋಡ್ಲಿ."

ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ್ಲೇ ಅಳಿಸ್ಬುಟ್ಟಿದೀನಿ ಸಾರ್" ಅಂದ.