ಗಾಳ, ಜಿಗಣೆ, ಇಂಚುಪಟ್ಟಿ

ಮಿನ್ನಿಯಾಪೊಲಿಸ್ ಬಿಟ್ಟು ಉತ್ತರಕ್ಕೆ ಹೊರಟರೆ ಒಂದು ಕೆರೆ ಮರೆಯಾಗುವಷ್ಟರಲ್ಲಿ ಇನ್ನೊಂದು ಹಾಜರು. ಹತ್ತು ಎಕರೆಗೆ ಮಿಗಿಲಾದವೇ ಮಿನ್ನೆಸೋಟಾ ರಾಜ್ಯದಲ್ಲಿ 11,842 ಇವೆ. ನಮ್ಮಲ್ಲಿಯ ಹಾಗೆ ಏರಿ ಕಟ್ಟಿಸಿದ ಅರಸನಿಲ್ಲ, ತೂಬಿಲ್ಲ, ಶಾಸನವೂ ಇಲ್ಲ. ಹಿಮಯುಗದ ಹಿಮರಾಶಿ ನೆಲ ಕೆರೆದು, ಕರಗಿ, ಬಿಟ್ಟುಹೋದ ಹಳ್ಳಗಳಿವು.

ಮಿಲ್ ಲ್ಯಾಕ್ಸ್ ಕೆರೆಯ ದಂಡೆಯ ಗ್ಯಾರಿಸನ್‌ನಲ್ಲಿ ಕಾರು ನಿಲ್ಲುತ್ತದೆ. ಎದುರಿಗೆ ಆಚೆ ದಡವೇ ಕಾಣದ ನೀರು, ಪಕ್ಕದಲ್ಲಿ ವಾಲ್‌ಐ ಮೀನಿನ ದೈತ್ಯ ಪ್ರತಿಮೆ. 1965ರಿಂದ ಇದೇ ಈ ರಾಜ್ಯದ ಮೀನು. ಜನ ಸಾಲುಗಟ್ಟಿ ಅದರ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದಾರೆ.

ಮುಂದಿನ ಊರಿನ ಗಾಳದಂಗಡಿಯಲ್ಲಿ ಲೈಸೆನ್ಸ್ ಮಾಡಿಸಿದೆವು. ಫ್ರಿಜ್ಜಿನಲ್ಲಿ ಡಬ್ಬಿ ಡಬ್ಬಿ ಎರೆಹುಳು, ತೊಟ್ಟಿಯಲ್ಲಿ ಮರಿಮೀನು. ಅದರಾಚೆ ಡಜನ್ ಲೆಕ್ಕದಲ್ಲಿ ಜಿಗಣೆ! ಮಲೆನಾಡಿನಲ್ಲಿ ಸುಣ್ಣ, ಹೊಗೆಸೊಪ್ಪು ಹಚ್ಚಿ ಉಂಬಳ ಓಡಿಸುತ್ತ ಬೆಳೆದ ನಾನು ಇಲ್ಲಿ ಡಾಲರ್ ಕೊಟ್ಟು ಅದರ ನೆಂಟರನ್ನು ಮನೆಗೆ ಕರೆದೊಯ್ಯುತ್ತಿದ್ದೇನೆ. “ಮಾವ, ದಪ್ಪಗಿರೋದು ಆರಿಸ್ಕೊಳ್ಳಿ” ಎನ್ನುತ್ತಾನೆ ತಂಗಿಯ ಮಗ.

ಬೆಮಿಜಿ ಊರಿನ ಕೆರೆಯನ್ನು ಹಾದೇ ಮಿಸ್ಸಿಸಿಪ್ಪಿ ಹರಿಯುತ್ತದೆ. ಆ ಮಹಾನದಿ ಇಲ್ಲಿನ್ನೂ ಎಳೆಯ ಹೊಳೆ. ಜೂನ್ ತಿಂಗಳು, ರಾತ್ರಿ ಒಂಬತ್ತಾದರೂ ಬೆಳಕಿದೆ, ನನ್ನ ಹೊಟ್ಟೆ ಮಾತ್ರ ಊಟದ ಹೊತ್ತು ಮರೆತಿಲ್ಲ. ದೋಣಿ ಏರುವುದೇ ಈಗ. ವಾಲ್‌ಐ ಕಣ್ಣಿನ ಹಿಂದೆ, ಬೆಕ್ಕಿಗಿರುವಂತೆ, ಬೆಳಕನ್ನು ತಿರುಗಿಸಿ ಕೊಡುವ ಪದರವಿದೆ. ಮಬ್ಬಿನಲ್ಲಿ ಬೇಟೆಯಾಡಲು ಅದಕ್ಕೆ ಅಷ್ಟು ಸಾಕು. ಹಾಗಾಗಿ ನಾವು ಮೆಚ್ಚುವ ತಿಳಿನೀರು, ಝಗಝಗ ಬಿಸಿಲು ಇಲ್ಲಿನ ಗಾಳದವರಿಗೆ ಬೇಡ. ಗಾಳಿ ಬೀಸಿ ನೀರು ಕದಡಿದರೆ ಅವರ ಮುಖ ಅರಳುತ್ತದೆ.

ಗಾಳ ಜಗ್ಗುತ್ತದೆ! ಕೈಗೆ ಬಂದದ್ದು ವಾಲ್‌ಐ ಅಲ್ಲ, ಬಾಯಿತುಂಬ ಹಲ್ಲಿನ ಪೈಕ್. ನಾನು ಹಿಗ್ಗುವ ಮೊದಲೇ ಅಳಿಯ ಇಂಚುಪಟ್ಟಿ ತೆಗೆಯುತ್ತಾನೆ: 24 ಇಂಚು. ಈ ವಲಯದಲ್ಲಿ 22ರಿಂದ 26 ಇಂಚಿನ ಪೈಕ್ ಅನ್ನು ನೀರಿಗೇ ಬಿಡಬೇಕು. ಚಿಕ್ಕವು ಬೇಕಾದಷ್ಟಿವೆ, ಅವನ್ನು ಒಯ್ಯಬಹುದು. ನಡುವಿನವು ಬೆಳೆದು ದೊಡ್ಡವಾಗಲಿ ಎಂಬ ಲೆಕ್ಕ. ಕಾವಲಿಗೆ ಒಬ್ಬರೂ ಇಲ್ಲದ ಆ ನಡುನೀರಿನಲ್ಲಿ ಹುಡುಗ ಮೀನನ್ನು ಮೆಲ್ಲಗೆ ಬಿಟ್ಟುಬಿಡುತ್ತಾನೆ. ನನಗೆ ಮೀನು ಸಿಕ್ಕಿದ್ದಕ್ಕಿಂತ ಇದೇ ಸೋಜಿಗ.

ದಡಕ್ಕೆ ಬಂದರೂ ಕಾನೂನು ಮುಗಿಯಲಿಲ್ಲ. ದೋಣಿಯ ಬಿರಡೆ ಕಿತ್ತು ಕೊನೆಯ ಹನಿಯವರೆಗೂ ನೀರು ಬಸಿಯಬೇಕು, ಅಂಟಿದ ಜೊಂಡು ಕೀಳಬೇಕು, ಬಿರಡೆ ತೆಗೆದೇ ದೋಣಿ ಸಾಗಿಸಬೇಕು. ಇಲ್ಲವಾದರೆ ಜೀಬ್ರಾ ಮಸಲ್ ಎಂಬ ಪರದೇಶದ ಚಿಪ್ಪುಜೀವಿ ಕೆರೆಯಿಂದ ಕೆರೆಗೆ ಸವಾರಿ ಮಾಡುತ್ತದೆ. ಇಷ್ಟೆಲ್ಲ ತಪಾಸಣೆಯ ನಾಡಿನಲ್ಲಿ ಸೊಳ್ಳೆಗಳಿಗೆ ಮಾತ್ರ ಲೈಸೆನ್ಸ್ ಇಲ್ಲ, ಅಳತೆ ಇಲ್ಲ, ಮಿತಿಯೂ ಇಲ್ಲ. ನಾವು ಬಾಗಿಲು ತೆಗೆದದ್ದೇ ತಡ, ನಮಗಿಂತ ಮುಂಚೆ ಕಾರಿನೊಳಗೆ ಹೋಗಿ ಕುಳಿತವು.