ಬಸುರಿಯ ಕಾಲಿಗೊಂದು ಚಪ್ಪಲಿ

ನಮ್ಮ ಮನೆಗಳಲ್ಲಿ ಹುಡುಗಿ ಬಸುರಿ ಎಂದು ತಿಳಿದ ದಿನದಿಂದ ಅವಳಿಗೆ ಎಲ್ಲಿಲ್ಲದ ಉಪಚಾರ. ಹುಳಿ ಬೇಕೇ, ಸಿಹಿ ಬೇಕೇ ಎಂದು ಕೇಳಿದ್ದೇ ಕೇಳಿದ್ದು. ಏಳನೆಯ ತಿಂಗಳು ಬಂತೆಂದರೆ ಮುಡಿ ತುಂಬ ಮಲ್ಲಿಗೆ, ಕೈ ತುಂಬ ಹಸಿರು ಬಳೆ, ಮಡಿಲು ತುಂಬ ಹಣ್ಣು. ಇಷ್ಟೆಲ್ಲ ಭಾರ ಹೊತ್ತು ನಿಂತ ಆ ಎರಡು ಪಾದಗಳನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ರೇಷ್ಮೆ ಸೀರೆಯ ನೆರಿಗೆಯ ಕೆಳಗೆ ಇಣುಕುವುದು ಅದೇ ಸವೆದ ಹವಾಯಿ ಚಪ್ಪಲಿ.

ಪಾದದ ಕಷ್ಟ ನನಗೆ ಚೆನ್ನಾಗಿ ಗೊತ್ತು. ದಿನಕ್ಕೆ ಐದಾರು ಪೀರಿಯಡ್ ನಿಂತೇ ಪಾಠ ಹೇಳುವವಳು ನಾನು. ಎರಡು ಮಕ್ಕಳನ್ನು ಹೊಟ್ಟೆಯಲ್ಲಿ ಹೊತ್ತಾಗಲೂ ಹಾಗೆಯೇ ನಿಂತಿದ್ದೆ. ಜೊತೆಗೆ ಮಲೆನಾಡಿನ ಮಳೆ, ಪಾಚಿ ಕಟ್ಟಿದ ಮೆಟ್ಟಿಲು. ಹವಾಯಿ ಚಪ್ಪಲಿ ಸೀರೆಯ ಹಿಂದೆಲ್ಲ ಕೆಸರು ಸಿಡಿಸಿದರೆ ಒಗೆದರಾಯಿತು. ಹಿಮ್ಮಡಿಗೆ ಹಿಡಿತವಿಲ್ಲದೆ ಕಾಲು ಜಾರಿದರೆ?

ಹೊಟ್ಟೆ ಮುಂದೆ ಬಂದಂತೆ ನಡಿಗೆಯ ಸಮತೋಲವೇ ಬದಲಾಗುತ್ತದೆ. ಸಾಧಾರಣ ಮೈಕಟ್ಟಿನವಳಿಗೆ ಒಂಬತ್ತು ತಿಂಗಳಲ್ಲಿ 10ರಿಂದ 12 ಕಿಲೋ ತೂಕ ಏರುವುದುಂಟು. ಮೈಯನ್ನು ಹೆರಿಗೆಗೆ ಅಣಿಗೊಳಿಸುವ ಹಾರ್ಮೋನುಗಳು ಕೀಲುಗಳ ಬಿಗಿಯನ್ನೂ ಸಡಿಲಿಸುತ್ತವೆ. ಪಾದದ ಕಮಾನು ತಗ್ಗಿ, ಪಾದ ಕೊಂಚ ಉದ್ದಗಲಕ್ಕೆ ಹರಡುತ್ತದೆ. ಕೆಲವರಿಗೆ ಹೆರಿಗೆಯ ನಂತರವೂ ಅದು ಹಳೆಯ ಅಳತೆಗೆ ಮರಳುವುದಿಲ್ಲ. ನನ್ನ ಮದುವೆಯ ಚಪ್ಪಲಿ ಚೊಚ್ಚಲ ಬಾಣಂತನ ಮುಗಿಯುವಷ್ಟರಲ್ಲಿ ತಂಗಿಯ ಪಾಲಾಗಿತ್ತು!

ಆದ್ದರಿಂದ ಚಪ್ಪಲಿ ಕೊಳ್ಳಲು ಸಂಜೆಯೇ ಹೋಗಿ. ಪಾದ ಊದಿರುವ ಹೊತ್ತು ಅದು. ಎರಡೂ ಕಾಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿ. ಬೆರಳುಗಳಿಗೆ ಅಗಲವಾದ ಜಾಗ, ಹಿಮ್ಮಡಿಯ ಹಿಂದೆ ಪಟ್ಟಿ, ಜಾರದಂತೆ ಗೀರುಗಳಿರುವ ಅಟ್ಟೆ, ಇವಿಷ್ಟು ಬೇಕೇ ಬೇಕು. ಹೈಹೀಲ್ಡ್ ಬೇಡ. ಹಾಗೆಂದು ಹಪ್ಪಳದಂತೆ ತೆಳ್ಳಗಿರುವುದೂ ಬೇಡ. ಒಂದಂಗುಲದೊಳಗಿನ ಎತ್ತರ, ಮೆತ್ತನೆಯ ಒಳಭಾಗ ಇದ್ದರೆ ಸಾಕು. ತುಂಬಿದ ಹೊಟ್ಟೆಯಲ್ಲಿ ಬಗ್ಗಿ ಬಕಲ್ ಹಾಕುವುದು ಕಷ್ಟ. ವೆಲ್ಕ್ರೋ ಪಟ್ಟಿಯಾದರೆ ಪಾದ ಊದಿದಷ್ಟು ಸಡಿಲಿಸಲೂ ಬಹುದು. "ಹಾಕ್ತಾ ಹಾಕ್ತಾ ಲೂಸಾಗುತ್ತೆ ಅಕ್ಕಾ" ಎನ್ನುವ ಅಂಗಡಿಯವನ ಮಾತಿಗೆ ಮಾತ್ರ ಮರುಳಾಗಬೇಡಿ.

ಚಪ್ಪಲಿ ಕಾಲನ್ನು ಕಾಯುವುದಷ್ಟೇ ಅಲ್ಲ, ಒಮ್ಮೊಮ್ಮೆ ಸುದ್ದಿಯನ್ನೂ ಹೇಳುತ್ತದೆ. ಕೆಲವು ವರ್ಷಗಳ ಹಿಂದೆ ಎಂಟು ತಿಂಗಳ ಬಸುರಿಯಾಗಿದ್ದ ನಮ್ಮ ಕಿರಿಯ ಶಿಕ್ಷಕಿಯೊಬ್ಬಳು ಬೆಳಗ್ಗೆ ಆಟೋದಿಂದ ಇಳಿದು ಬರಿಗಾಲಲ್ಲೇ ಸ್ಟಾಫ್ ರೂಮಿಗೆ ಬಂದಳು. ಚಪ್ಪಲಿ ಕೈಯಲ್ಲಿತ್ತು. "ಹೋದ ವಾರ ತಗೊಂಡಿದ್ದು ಮೇಡಂ, ಇವತ್ತು ಕಾಲೇ ಹೋಗ್ತಿಲ್ಲ. ಇನ್ನೂ ದೊಡ್ಡ ಸೈಜ್ ತರಬೇಕೇನೋ" ಎಂದಳು. "ಬಸುರಿ ಕಾಲು ಊದದೆ ಇರತ್ತೇನೇ?" ಎಂದು ಯಾರೋ ನಕ್ಕರು. ದಿನವಿಡೀ ನಿಂತು ಸಂಜೆ ಊದಿದ ಪಾದ ರಾತ್ರಿ ಮಲಗಿ ಎದ್ದಾಗ ಇಳಿಯಬೇಕಲ್ಲವೇ? ಇವಳದು ಬೆಳಗ್ಗೆಯೇ ಊದಿತ್ತು. ಮುಖ ನೋಡಿದೆ. ರೆಪ್ಪೆಗಳು ದಪ್ಪಗಾಗಿದ್ದವು, ಬಳೆಗಳು ಮುಂಗೈಗೆ ಕಚ್ಚಿಕೊಂಡಿದ್ದವು. "ತಲೆನೋವಿದೆಯಾ?" ಎಂದೆ. "ನಿನ್ನೆ ರಾತ್ರಿಯಿಂದ ಇದೆ ಮೇಡಂ, ನಿದ್ದೆಗೆಟ್ಟಿದ್ದಕ್ಕೇನೋ" ಎಂದಳು. ಪ್ರಾರ್ಥನೆಯ ಗಂಟೆಗೂ ಕಾಯದೆ ಆಸ್ಪತ್ರೆಗೆ ಕರೆದೊಯ್ದೆವು. ರಕ್ತದೊತ್ತಡ 160/110 ಇತ್ತು. ಅಲ್ಲೇ ಉಳಿಸಿಕೊಂಡರು. ದಿನ ತುಂಬುವ ಮೊದಲೇ ಹೆರಿಗೆಯಾಯಿತು. ತಾಯಿ ಮಗು ಇಬ್ಬರೂ ಉಳಿದರು.

ಬಸುರಿಯಲ್ಲಿ ರಕ್ತದೊತ್ತಡ 140/90 ಮುಟ್ಟಿದರೇ ವೈದ್ಯರು ಎಚ್ಚರಗೊಳ್ಳುತ್ತಾರೆ. ಐದು ತಿಂಗಳು ದಾಟಿದ ಮೇಲೆ ಮುಖ, ಕೈ ಇದ್ದಕ್ಕಿದ್ದಂತೆ ಊದಿದರೆ, ಬಿಡದ ತಲೆನೋವಿದ್ದರೆ, ಕಣ್ಣು ಮಂಜಾದರೆ, ಪಕ್ಕೆಲುಬಿನ ಕೆಳಗೆ ನೋವು ಬಂದರೆ ಅದೇ ದಿನ ತೋರಿಸಬೇಕು. ಒಂದೇ ಕಾಲು ಊದಿ ನೋಯುತ್ತಿದ್ದರೂ ತಡಮಾಡಬಾರದು. ಆಗ ಹೋಗಬೇಕಾದದ್ದು ದೊಡ್ಡ ಸೈಜಿನ ಚಪ್ಪಲಿಗಾಗಿ ಅಂಗಡಿಗಲ್ಲ, ಆಸ್ಪತ್ರೆಗೆ.

ಶುಭಕಾರ್ಯದಲ್ಲಿ ಚಪ್ಪಲಿ ಉಡುಗೊರೆ ಕೊಡಬಾರದು ಎನ್ನುತ್ತಾರೆ ಹಿರಿಯರು. ಆಗಲಿ, ಅವರ ಮಾತನ್ನೇಕೆ ಮೀರಬೇಕು? ಸೀಮಂತದ ದಿನ ಬಳೆಯನ್ನೇ ತೊಡಿಸಿ. ಅದಕ್ಕೂ ಮೊದಲೇ ಒಂದು ಸಂಜೆ ಮಗಳನ್ನೋ ಸೊಸೆಯನ್ನೋ ಚಪ್ಪಲಿ ಅಂಗಡಿಗೆ ಕರೆದುಕೊಂಡು ಹೋಗಿಬನ್ನಿ.